ಮೃತ ಸಮುದ್ರದಲ್ಲಿ ಯಾರೂ ಮುಳುಗುವುದಿಲ್ಲವೇ?



ಈ ಸಲದ ಗೋಡೆ ಪತ್ರಿಕೆಗೆ ವಿಜ್ಞಾನದ ಲೇಖನ ಬರೆಯುವ ಸರದಿ ನನ್ನದು. ಮೊದಲು ಒಂದು ಪುಟ ಬರೆದು ವಿಜ್ಞಾನದ ಮೇಷ್ಟ್ರಿಗೆ ತೋರಿಸಿದೆ. ಅದರಲ್ಲಿ "ಮೃತ ಸಮುದ್ರದ ನೀರು ಬಹಳ ಉಪ್ಪು. ಆದ್ದರಿಂದ ಅದರಲ್ಲಿ ಯಾರೂ ಮುಳುಗಿ ಸಾಯುವುದಿಲ್ಲ" ಎಂದು ಬರೆದಿದ್ದೆ. ಮೇಷ್ಟ್ರು ಆ ಸಾಲಿನ ಪಕ್ಕ ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಒಂದು ಪ್ರಶ್ನೆ ಚಿಹ್ನೆ ಹಾಕಿದರು. "ಇದು ನಿಜವೇನೋ? ಓದಿ ನೋಡಿ ಇನ್ನೊಂದ್ಸಲ ಬರಿ" ಅಂದರು. ಪುಸ್ತಕ ಕೊಟ್ಟರು, ತಮ್ಮ ಫೋನಿನಲ್ಲಿ ಚಿತ್ರಗಳನ್ನೂ ತೋರಿಸಿದರು. ಓದಿದ ಮೇಲೆ ನಾನು ಬರೆದದ್ದು ತಪ್ಪು ಅಂತ ಗೊತ್ತಾಯಿತು. ಯಾಕೆ ತಪ್ಪು ಅನ್ನೋದನ್ನೇ ಈಗ ಬರೆಯುತ್ತಿದ್ದೇನೆ.

ಎಲ್ಲಿದೆ ಈ ಸಮುದ್ರ?

ಮೃತ ಸಮುದ್ರ ಎಂಬ ಹೆಸರಿದ್ದರೂ ಇದು ಸಮುದ್ರವಲ್ಲ, ಒಂದು ಸರೋವರ. ಸುತ್ತಲೂ ನೆಲವೇ ಇದೆ. ಇದರ ಪೂರ್ವ ದಡದಲ್ಲಿ ಜೋರ್ಡಾನ್ ದೇಶವಿದೆ. ಪಶ್ಚಿಮ ದಡದಲ್ಲಿ ಇಸ್ರೇಲ್ ಮತ್ತು ಪ್ಯಾಲೆಸ್ಟೀನಿನ ವೆಸ್ಟ್ ಬ್ಯಾಂಕ್ ಪ್ರದೇಶವಿದೆ. (ಪಕ್ಕದಲ್ಲಿ ಅಂಟಿಸಿರುವ ನಕ್ಷೆಯಲ್ಲಿ ನೀಲಿ ಬಣ್ಣ ಹಚ್ಚಿದ್ದೇನೆ, ನೋಡಿ.)

ಇದರ ನೀರಿನ ಮಟ್ಟ ಸಮುದ್ರ ಮಟ್ಟಕ್ಕಿಂತ 430 ಮೀಟರಿಗೂ ಹೆಚ್ಚು ಕೆಳಗಿದೆ. ಭೂಮಿಯ ಮೇಲೆ ಇದರ ದಡಕ್ಕಿಂತ ತಗ್ಗಾದ ಒಣ ನೆಲ ಬೇರೆಲ್ಲೂ ಇಲ್ಲ. ನಮ್ಮ ಸ್ಕೂಲ್ ಮುಂದಿನ ತೆಂಗಿನಮರ 15 ಮೀಟರ್ ಉದ್ದ ಅಂದುಕೊಳ್ಳಿ. ಅಂಥ 29 ಮರಗಳನ್ನು ಒಂದರ ಮೇಲೊಂದು ನಿಲ್ಲಿಸಿದರೆ ಎಷ್ಟೋ ಅಷ್ಟು ತಗ್ಗು. ಅಲ್ಲಿಂದ ಕೆಳಗೆ ನೀರಿನ ಆಳ ಬೇರೆ ಸುಮಾರು 300 ಮೀಟರ್ ಇದೆ.

ಅಷ್ಟೊಂದು ಉಪ್ಪು ಎಲ್ಲಿಂದ ಬಂತು?

ಜೋರ್ಡಾನ್ ನದಿ ಉತ್ತರದಿಂದ ಬಂದು ಇದಕ್ಕೆ ಸೇರುತ್ತದೆ. ನೀರು ಒಳಗೆ ಬರುವುದಕ್ಕೆ ದಾರಿ ಇದೆ, ಆಚೆ ಹೋಗುವುದಕ್ಕೆ ಇಲ್ಲ. ನಮ್ಮ ಕೆರೆಗೆ ತೂಬು ಇದೆ, ಕೋಡಿ ಇದೆ. ಅದಕ್ಕೆ ಎರಡೂ ಇಲ್ಲ. ಅಲ್ಲಿ ಬಿಸಿಲು ಬಹಳ, ಮಳೆ ಬಹಳ ಕಡಿಮೆ. ನೀರು ಆವಿಯಾಗಿ ಹೋಗುತ್ತದೆ. ಉಪ್ಪು ಮಾತ್ರ ಆವಿಯಾಗುವುದಿಲ್ಲ, ಅಲ್ಲೇ ಉಳಿಯುತ್ತದೆ. ಸಾವಿರಾರು ವರ್ಷಗಳಿಂದ ಹೀಗೇ ಆಗುತ್ತಿದೆ.

ಗೋಕರ್ಣದ ಹತ್ತಿರ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರಗಳಿವೆ ಅಂತ ಸಮಾಜ ವಿಜ್ಞಾನದ ಪಾಠದಲ್ಲಿ ಮೇಷ್ಟ್ರು ಹೇಳಿದ್ದು ನೆನಪಿದೆಯಾ? ಸಮುದ್ರದ ನೀರನ್ನು ಪಾತಿಗೆ ಬಿಟ್ಟು ಬಿಸಿಲಿಗೆ ಒಣಗಿಸುತ್ತಾರೆ. ಮೃತ ಸಮುದ್ರವೂ ದೇವರು ಮಾಡಿದ ಒಂದು ದೊಡ್ಡ ಉಪ್ಪಿನ ಪಾತಿ ಇದ್ದ ಹಾಗೆ.

ಈಗ ಲೆಕ್ಕ ನೋಡಿ.

ಸಾಮಾನ್ಯ ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ.
ಮೃತ ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 340 ಗ್ರಾಂ ಲವಣ ಇರುತ್ತದೆ.

ಅಂದರೆ ಹತ್ತುಪಟ್ಟು ಹತ್ತಿರ. ಆದರೆ ಇದೆಲ್ಲ ನಾವು ಸಾರಿಗೆ ಹಾಕುವ ಉಪ್ಪಲ್ಲ. ಹೆಚ್ಚುಕಡಿಮೆ ಅರ್ಧದಷ್ಟು ಮೆಗ್ನೀಸಿಯಂ ಕ್ಲೋರೈಡ್ ಎಂಬ ಲವಣ. ಅಡಿಗೆ ಉಪ್ಪು, ಕ್ಯಾಲ್ಸಿಯಂ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್ ಉಳಿದ ಭಾಗ. ಅದಕ್ಕೇ ಆ ನೀರು ಬರೀ ಉಪ್ಪಲ್ಲ, ಕಹಿ. ಮುಟ್ಟಿದರೆ ಎಣ್ಣೆ ಸವರಿದ ಹಾಗೆ ಕೈ ಜಾರುತ್ತದೆಯಂತೆ.

ಮಾಡಿ ನೋಡಿ

ಬೇಕಾಗುವ ಸಾಮಾನು: ಒಂದು ಕೋಳಿಮೊಟ್ಟೆ, ಅರ್ಧ ಲೀಟರ್ ನೀರು, ಉಪ್ಪು, ಚಮಚ, ಅಗಲ ಬಾಯಿಯ ಗಾಜಿನ ಜಾಡಿ.

ಜಾಡಿಗೆ ನೀರು ಹಾಕಿ ಮೊಟ್ಟೆ ಬಿಡಿ. ಮೊಟ್ಟೆ ತಳಕ್ಕೆ ಹೋಗಿ ಕೂರುತ್ತದೆ. ಮೊಟ್ಟೆ ತೆಗೆದು ಒಂದೊಂದೇ ಚಮಚ ಉಪ್ಪು ಹಾಕಿ ಕರಗಿಸಿ, ಪ್ರತಿಸಲವೂ ಮೊಟ್ಟೆ ಬಿಟ್ಟು ನೋಡಿ. ನಾನು ಮಾಡಿದಾಗ ದೊಡ್ಡ ಚಮಚದಲ್ಲಿ ನಾಲ್ಕು ಆಗುವವರೆಗೂ ಏನೂ ಆಗಲಿಲ್ಲ. ಐದನೇ ಚಮಚಕ್ಕೆ ಮೊಟ್ಟೆ ಮೆಲ್ಲಗೆ ಎದ್ದು ಬಂತು. (ನಮ್ಮಮ್ಮ "ಉಪ್ಪೆಲ್ಲ ಖಾಲಿ ಮಾಡ್ಬೇಡ, ಮೊಟ್ಟೆ ಒಡೀಬೇಡ" ಅಂತ ಬಾಗಿಲಲ್ಲೇ ನಿಂತಿದ್ದರು.)

ಈ ಪ್ರಯೋಗ ನಮ್ಮ ತಾತನಿಗೆ ಹೊಸದೇನಲ್ಲ. ಬಿತ್ತನೆ ಬತ್ತವನ್ನು ಉಪ್ಪುನೀರಿಗೆ ಹಾಕಿ, ಜೊಳ್ಳು ತೇಲಿದರೆ ತೆಗೆದುಬಿಡುತ್ತಾರೆ. ನೀರಿಗೆ ಉಪ್ಪು ಸಾಕಾಯಿತಾ ಅಂತ ನೋಡೋದಕ್ಕೆ ಅವರೂ ಮೊಟ್ಟೆಯನ್ನೇ ಬಿಡುತ್ತಾರೆ. ಇಷ್ಟು ದಿನ ನಾನು ಅದನ್ನು ನೋಡಿಯೂ ಯಾಕೆ ಅಂತ ಕೇಳಿರಲಿಲ್ಲ.

ಕಾರಣ ಏನೆಂದರೆ, ಉಪ್ಪು ಕರಗಿದ ನೀರಿನ ಸಾಂದ್ರತೆ ಹೆಚ್ಚು. ಒಂದು ಲೀಟರ್ ಸಿಹಿನೀರು ಒಂದು ಕಿಲೋ ತೂಗುತ್ತದೆ. ಒಂದು ಲೀಟರ್ ಮೃತ ಸಮುದ್ರದ ನೀರು ಸುಮಾರು ಒಂದು ಕಿಲೋ 240 ಗ್ರಾಂ ತೂಗುತ್ತದೆ. ಒಂದು ವಸ್ತು ನೀರಿಗೆ ಬಿದ್ದಾಗ ತನ್ನ ಜಾಗದ ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ಹಾಗೆ ತಳ್ಳಿದ ನೀರಿನ ತೂಕದಷ್ಟೇ ಬಲದಿಂದ ನೀರು ಆ ವಸ್ತುವನ್ನು ಮೇಲಕ್ಕೆ ತಳ್ಳುತ್ತದೆ. ಇದೇ ಆರ್ಕಿಮಿಡೀಸನ ತತ್ವ.

ನನ್ನ ತೂಕ 34 ಕಿಲೋ. ನಮ್ಮ ಮೈಯಿನ ಸಾಂದ್ರತೆ ಸಿಹಿನೀರಿನದಕ್ಕೆ ಬಹಳ ಹತ್ತಿರ. ಆದ್ದರಿಂದ ನನ್ನ ಮೈ ಸುಮಾರು 34 ಲೀಟರ್ ಜಾಗ ಹಿಡಿಯುತ್ತದೆ. ಕೆರೆಯಲ್ಲಿ ನಾನು ತೇಲಬೇಕಾದರೆ 34 ಲೀಟರ್ ನೀರು ತಳ್ಳಬೇಕು. ಅಂದರೆ ಪೂರ್ತಿ ಮೈ ನೀರಿನೊಳಗೇ ಇರಬೇಕು. ಮೃತ ಸಮುದ್ರದಲ್ಲಿ 27 ಲೀಟರಿಗಿಂತ ಸ್ವಲ್ಪ ಹೆಚ್ಚು ತಳ್ಳಿದರೆ ಸಾಕು (34ನ್ನು 1.24ರಿಂದ ಭಾಗಿಸಿ ನೋಡಿ). ಉಳಿದ ಆರೂವರೆ ಲೀಟರಿನಷ್ಟು ಮೈ, ಅಂದರೆ ಐದರಲ್ಲಿ ಒಂದು ಪಾಲು, ನೀರಿನ ಮೇಲೇ ಇರುತ್ತದೆ. ಅದಕ್ಕೇ ಅಲ್ಲಿ ಜನ ಮಂಚದ ಮೇಲೆ ಮಲಗಿದ ಹಾಗೆ ಅಂಗಾತ ಮಲಗಿ ಪೇಪರ್ ಓದುವ ಚಿತ್ರ ಪುಸ್ತಕಗಳಲ್ಲಿ ಇರೋದು.

ಇಲ್ಲಿವರೆಗೂ ನಾನು ಮೊದಲ ಪುಟದಲ್ಲಿ ಬರೆದದ್ದೇ. ಮುಂದಿನದು ಹೊಸದಾಗಿ ಕಲಿತದ್ದು.

ತೇಲುವುದು ಬೇರೆ, ಈಜುವುದು ಬೇರೆ

ಈಜುವಾಗ ನಾವು ಹೊಟ್ಟೆ ಕೆಳಗೆ ಮಾಡಿ ಕಾಲು ಬಡಿಯುತ್ತೇವೆ. ಮೃತ ಸಮುದ್ರದಲ್ಲಿ ಕಾಲು ನೀರಿನೊಳಗೆ ನಿಲ್ಲುವುದೇ ಇಲ್ಲ, ಬೆಂಡಿನ ಹಾಗೆ ಮೇಲಕ್ಕೆ ಬಂದುಬಿಡುತ್ತದೆ. ಕಾಲು ಮತ್ತು ಸೊಂಟ ಮೇಲೆ ಬಂದರೆ ತಲೆ ಕೆಳಗೆ ಹೋಗುತ್ತದೆ. ಮುಖ ನೀರಿಗೆ ಬೀಳುತ್ತದೆ. ಎದ್ದು ನಿಲ್ಲೋಣ ಅಂದರೆ ಕಾಲನ್ನು ಕೆಳಗೆ ಒತ್ತಲು ಆಗುವುದಿಲ್ಲ. ಕಣ್ಣಿಗೆ ನೀರು ಬಿದ್ದು ಉರಿಯಿಂದ ಕಣ್ಣು ಬಿಡಲಿಕ್ಕೆ ಆಗದೆ ಜನ ಗಾಬರಿಯಾಗುತ್ತಾರೆ. ಮಗುಚಿ ಅಂಗಾತ ಆಗಲು ಗೊತ್ತಿಲ್ಲದವರು ಸೊಂಟದುದ್ದ ನೀರಿನಲ್ಲೂ ಅಪಾಯಕ್ಕೆ ಸಿಗುತ್ತಾರೆ.

ಅಷ್ಟೇ ಅಲ್ಲ. ನಮ್ಮ ಕೆರೆ ನೀರು ನಾಲ್ಕು ಗುಟುಕು ಕುಡಿದರೆ ಕೆಮ್ಮಿ ಸುಧಾರಿಸಿಕೊಳ್ಳಬಹುದು. ಆ ನೀರು ಹೊಟ್ಟೆಗೆ ಹೋದರೆ ರಕ್ತದಲ್ಲಿ ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂ ಒಮ್ಮೆಗೇ ಏರುತ್ತದೆ. ಅದರಿಂದ ಹೃದಯದ ಬಡಿತ ತಪ್ಪಬಹುದು. ಶ್ವಾಸಕೋಶಕ್ಕೆ ಹೋದರೆ ಅಲ್ಲೂ ಗಾಯವಾಗುತ್ತದೆ. ಹೀಗಾದವರನ್ನು ನೀರಿನಿಂದ ಎತ್ತಿದರೆ ಸಾಲದು, ಕೂಡಲೇ ಆಸ್ಪತ್ರೆಗೆ ಸೇರಿಸಬೇಕು. ಕೆಲವರಿಗೆ ರಕ್ತ ಶುದ್ಧಿ ಮಾಡುವ ಯಂತ್ರವನ್ನೂ ಹಾಕಬೇಕಾಗುತ್ತದೆ. ಮೃತ ಸಮುದ್ರದಲ್ಲಿ ಸತ್ತವರೂ ಇದ್ದಾರೆ. ನನ್ನ ಸಾಲಿನ ಪಕ್ಕದ ಕೆಂಪು ಪ್ರಶ್ನೆ ಚಿಹ್ನೆಗೆ ಇದೇ ಉತ್ತರ.

ಇದನ್ನು ಓದಿದಾಗ ನನಗೆ ಹೋದ ಬೇಸಿಗೆ ರಜೆ ನೆನಪಾಯಿತು

ಇದನ್ನು ಬರೆಯಲೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ. ಬರೆಯುತ್ತೇನೆ.

ನಮ್ಮ ಚಿಕ್ಕಪ್ಪನ ಮಗ ಐದನೇ ಕ್ಲಾಸು. ಹೆಸರು ಬರೀಬೇಡ ಅಂದಿದ್ದಾನೆ, ಅದಕ್ಕೆ ತಮ್ಮ ಅಂತಲೇ ಬರೆಯುತ್ತೇನೆ. ಅವನಿಗೆ ಈಜು ಕಲಿಸುತ್ತೇನೆ ಅಂತ ನಾನೇ ಕೆರೆಗೆ ಕರೆದುಕೊಂಡು ಹೋದೆ. ತಾತನ ಕಾಲದಲ್ಲಿ ಕತ್ತಾಳೆ ಬೆಂಡನ್ನೋ ಒಣಗಿದ ಸೋರೆ ಬುರುಡೆಯನ್ನೋ ಬೆನ್ನಿಗೆ ಕಟ್ಟುತ್ತಿದ್ದರು. ಈಗ ನಾವೆಲ್ಲ ಎಣ್ಣೆಯ ಪ್ಲಾಸ್ಟಿಕ್ ಕ್ಯಾನು ಕಟ್ಟುತ್ತೇವೆ. ನಾನು ಕ್ಯಾನನ್ನು ಅವನ ಸೊಂಟಕ್ಕೆ ಕಟ್ಟಿದೆ. ಹಗ್ಗ ಸಡಿಲವಾಗಿತ್ತು. "ಕ್ಯಾನು ಇದೆಯಲ್ಲ, ಏನೂ ಆಗಲ್ಲ, ಬೀಳೋ" ಅಂದೆ.

ಅವನು ಬಿದ್ದ ಏಟಿಗೆ ಹಗ್ಗ ಜಾರಿ ತೊಡೆಗೆ ಬಂತು. ಕ್ಯಾನು ಮೇಲೆ ಬಂತು. ಅದರ ಜೊತೆ ಅವನ ಕಾಲೂ ಮೇಲೆ ಬಂತು. ತಲೆ ಮಾತ್ರ ಕೆಳಗೆ. ನಾನು ದಡದಲ್ಲಿ ನಿಂತು ಕ್ಯಾನು ತೇಲೋದನ್ನು ನೋಡಿ ಅವನು ಚೆನ್ನಾಗಿದ್ದಾನೆ ಅಂದುಕೊಂಡು ನಗುತ್ತಿದ್ದೆ. ಕಾಲು ಬಡಿಯುವುದನ್ನು ಈಜು ಅಂದುಕೊಂಡೆ. ಎತ್ತಿನ ಮೈ ತೊಳೆಯುತ್ತಿದ್ದ ನಮ್ಮ ಮಾವ ಬಟ್ಟೆ ಸಮೇತ ಹಾರಿ ಅವನನ್ನು ಎತ್ತಿದರು. ತಮ್ಮ ನೀರು ಕಕ್ಕಿದ, ಆಮೇಲೆ ಅತ್ತ. ಅವನು ಅತ್ತಾಗಲೇ ನನಗೆ ಜೀವ ಬಂದದ್ದು.

ಮಾವ ನನ್ನನ್ನು ಹೊಡೆಯಲಿಲ್ಲ. "ಕ್ಯಾನು ತೇಲಿದ್ರೆ ಹುಡುಗ ತೇಲ್ದಂಗಲ್ಲ ಕಣ್ಲಾ. ಮೂಗು ಎಲ್ಲೈತೆ ಅಂತ ನೋಡ್ಬೇಕು" ಅಂದರು.

ಮೃತ ಸಮುದ್ರದಲ್ಲಿ ಆಗುವುದೂ ಇದೇ. ಅಲ್ಲಿ ಕ್ಯಾನು ಬೇಡ, ನೀರೇ ಕ್ಯಾನಿನ ಕೆಲಸ ಮಾಡುತ್ತದೆ. ಆದರೆ ಆ ನೀರಿಗೆ ನಮ್ಮ ಮೂಗು ಯಾವುದು, ಕಾಲು ಯಾವುದು ಅಂತ ಗೊತ್ತಿಲ್ಲ.

ಅಲ್ಲಿ ನೀರಿಗೆ ಇಳಿಯುವ ಕ್ರಮ

1. ಕಾಲಿಗೆ ಚಪ್ಪಲಿ ಹಾಕಿಕೊಂಡೇ ಇಳಿಯಬೇಕು. ದಡದ ಉಪ್ಪಿನ ಹರಳು ಕಾಲು ಕೊಯ್ಯುತ್ತದೆ.
2. ಮೊಣಕಾಲಿಗಿಂತ ಮೇಲೆ ನೀರು ಬಂದಮೇಲೆ ಮೆಲ್ಲಗೆ ಹಿಂದಕ್ಕೆ ಕೂರಬೇಕು, ಕುರ್ಚಿ ಮೇಲೆ ಕೂತ ಹಾಗೆ. ಹಾರಬಾರದು, ಧುಮುಕಬಾರದು.
3. ಅಂಗಾತವೇ ಇರಬೇಕು. ಬೋರಲು ಮಲಗಬಾರದು.
4. ನೀರು ಎರಚಬಾರದು. ಕಣ್ಣಿಗೆ ಬಿದ್ದರೆ ಉಜ್ಜದೆ ಸಿಹಿನೀರಿನಲ್ಲಿ ತೊಳೆಯಬೇಕು.
5. ಮೈಮೇಲೆ ಗಾಯ ಇದ್ದರೆ ಇಳಿಯಬಾರದು, ತುಂಬಾ ಉರಿಯುತ್ತದೆ.
6. ಇಪ್ಪತ್ತು ನಿಮಿಷದ ಒಳಗೆ ಮೇಲೆ ಬಂದು ಸಿಹಿನೀರಿನಲ್ಲಿ ಸ್ನಾನ ಮಾಡಬೇಕು.
7. ಕಾವಲುಗಾರ ಇರುವ ಕಡೆ ಮಾತ್ರ ಇಳಿಯಬೇಕು.

ಹಾಗಾದರೆ ಅಲ್ಲಿ ಯಾರೂ ಈಜಿಲ್ಲವೇ?

ಈಜಿದ್ದಾರೆ. 2016ರ ನವೆಂಬರಿನಲ್ಲಿ ಬೇರೆ ಬೇರೆ ದೇಶಗಳ ಇಪ್ಪತ್ತಕ್ಕೂ ಹೆಚ್ಚು ಜನ ಈಜುಗಾರರು ಜೋರ್ಡಾನಿನ ದಡದಿಂದ ಇಸ್ರೇಲಿನ ದಡಕ್ಕೆ ಈಜಿಕೊಂಡು ಬಂದರು. ದೂರ ಸುಮಾರು 17 ಕಿಲೋಮೀಟರ್. ಸುಮಾರು ಏಳು ಗಂಟೆ ಹಿಡಿಯಿತು. ಎಲ್ಲರೂ ಮುಖ ಪೂರ್ತಿ ಮುಚ್ಚುವ, ಉಸಿರಾಡಲು ಕೊಳವೆ ಇರುವ ಮುಖವಾಡ ಹಾಕಿದ್ದರು. ಜೊತೆಯಲ್ಲಿ ದೋಣಿಗಳಿದ್ದವು. ಇದು ಪಂದ್ಯವಲ್ಲ. ಮೃತ ಸಮುದ್ರ ಬತ್ತಿ ಹೋಗುತ್ತಿದೆ, ಉಳಿಸಿ ಅಂತ ಲೋಕಕ್ಕೆ ತಿಳಿಸಲು ಈಜಿದ್ದು.

ಮುಳುಗಲು ಪಡುವ ಕಷ್ಟ

ಈಗ ನಿಮಗೆ ಆಶ್ಚರ್ಯ ಆಗುವ ವಿಷಯ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನ ಅಡಿಗೆ ಹೋಗುವುದಕ್ಕೆ ಸ್ಕೂಬಾ ಅನ್ನುತ್ತಾರೆ. ಮೃತ ಸಮುದ್ರದಲ್ಲೂ ಸ್ಕೂಬಾ ಮಾಡುತ್ತಾರೆ. ಬೇರೆ ಕಡೆ ಮುಳುಗುಗಾರರು ಮುಳುಗಿ ಹೋಗದ ಹಾಗೆ ನೋಡಿಕೊಳ್ಳಬೇಕು. ಇಲ್ಲಿ ಮುಳುಗುವುದೇ ಕಷ್ಟ.

ಲೆಕ್ಕ ಮಾಡೋಣ. ಒಬ್ಬ ಮುಳುಗುಗಾರ ತನ್ನ ಸಾಮಾನು ಸಮೇತ 100 ಕಿಲೋ ಇದ್ದಾನೆ, 100 ಲೀಟರ್ ಜಾಗ ಹಿಡಿಯುತ್ತಾನೆ ಎಂದುಕೊಳ್ಳಿ. ಸಿಹಿನೀರಿನಲ್ಲಿ ಅವನು ಮೇಲೂ ಹೋಗುವುದಿಲ್ಲ, ಕೆಳಗೂ ಹೋಗುವುದಿಲ್ಲ. ಮೃತ ಸಮುದ್ರದಲ್ಲಿ 100 ಲೀಟರ್ ನೀರಿನ ತೂಕ 124 ಕಿಲೋ. ಅಂದರೆ ನೀರು ಅವನನ್ನು ಮೇಲೆ ತಳ್ಳುತ್ತಲೇ ಇರುತ್ತದೆ. ಅವನು 24 ಕಿಲೋಗಿಂತ ಹೆಚ್ಚು ಸೀಸವನ್ನು ಮೈಗೆ ಕಟ್ಟಿಕೊಂಡರೆ ಮಾತ್ರ ಕೆಳಗೆ ಹೋಗಲು ಸಾಧ್ಯ. ದಪ್ಪ ರಬ್ಬರಿನ ಉಡುಪು ಹಾಕಿದರೆ ಅದೂ ತೇಲಿಸುತ್ತದೆ. ಆದ್ದರಿಂದ 40 ಕಿಲೋ ಹತ್ತಿರ ಭಾರ ಹೊತ್ತು ಇಳಿದವರೂ ಇದ್ದಾರೆ. 40 ಕಿಲೋ ಅಂದರೆ ನನಗಿಂತ ಹೆಚ್ಚು ತೂಕ!

ಕಣ್ಣು, ಮೂಗು, ಬಾಯಿ ಮೂರನ್ನೂ ಮುಚ್ಚುವ ಮುಖವಾಡ ಬೇಕೇ ಬೇಕು. ಒಂದು ಹನಿ ಒಳಗೆ ಬಂದರೂ ಕಣ್ಣು ಕಾಣುವುದಿಲ್ಲ. ಸೀಸ ಕಳಚಿ ಬಿದ್ದರೆ ಮುಳುಗುಗಾರ ಬಾಣದ ಹಾಗೆ ಮೇಲಕ್ಕೆ ಹಾರುತ್ತಾನೆ. ಹಾಗೆ ಬೇಗ ಮೇಲೆ ಬಂದರೆ ಶ್ವಾಸಕೋಶದ ಗಾಳಿ ಹಿಗ್ಗಿ ಜೀವಕ್ಕೇ ಅಪಾಯ. ಇನ್ನೊಂದು ವಿಷಯ, ಸಿಹಿನೀರಿನಲ್ಲಿ ಸುಮಾರು 10 ಮೀಟರ್ ಇಳಿದರೆ ಎಷ್ಟು ಒತ್ತಡ ಹೆಚ್ಚುತ್ತದೋ ಅಷ್ಟು ಒತ್ತಡ ಇಲ್ಲಿ 8 ಮೀಟರ್ ಚಿಲ್ಲರೆಗೇ ಆಗುತ್ತದೆ. ನೀರು ಭಾರ ಅಲ್ಲವೇ?

ಇಷ್ಟು ಕಷ್ಟಪಟ್ಟು ಯಾಕೆ ಇಳಿಯಬೇಕು ಅಂತ ನೀವು ಕೇಳಬಹುದು. ಇದರಲ್ಲಿ ಮೀನಿಲ್ಲ, ಗಿಡವಿಲ್ಲ. ಅದಕ್ಕೇ ಮೃತ ಸಮುದ್ರ ಅಂತ ಹೆಸರು. ಆದರೆ 1936ರಲ್ಲಿ ಬೆಂಜಮಿನ್ ವೋಲ್ಕಾನಿ ಎಂಬ ವಿಜ್ಞಾನಿ ಈ ನೀರಿನಲ್ಲೂ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳಿವೆ ಎಂದು ತೋರಿಸಿದರು. 2011ರಲ್ಲಿ ಇಸ್ರೇಲಿನ ಬೆನ್ ಗುರಿಯನ್ ವಿಶ್ವವಿದ್ಯಾಲಯದವರೂ ಜರ್ಮನಿಯ ಮ್ಯಾಕ್ಸ್ ಪ್ಲ್ಯಾಂಕ್ ಸಂಸ್ಥೆಯವರೂ ಸೇರಿ ಮುಳುಗುಗಾರರನ್ನು ತಳಕ್ಕೆ ಇಳಿಸಿದರು. ಅಲ್ಲಿ ದೊಡ್ಡ ದೊಡ್ಡ ಗುಂಡಿಗಳಿದ್ದವು. ಅವುಗಳ ತಳದಿಂದ ಸಿಹಿನೀರಿನ ಬುಗ್ಗೆಗಳು ಉಕ್ಕುತ್ತಿದ್ದವು. ಬುಗ್ಗೆಯ ಸುತ್ತ ಕಲ್ಲಿನ ಮೇಲೆ ಚಾಪೆ ಹಾಸಿದ ಹಾಗೆ ಸೂಕ್ಷ್ಮಜೀವಿಗಳು ಬೆಳೆದಿದ್ದವು. ಸತ್ತ ಸಮುದ್ರ ಅನ್ನುವ ಹೆಸರೂ ಪೂರ್ತಿ ನಿಜವಲ್ಲ ಅಂತ ಇದರಿಂದ ಗೊತ್ತಾಯಿತು.

ನೀರು ಹಿಂದೆ ಹೋಗುತ್ತಿದೆ

ಈಗ ಮೃತ ಸಮುದ್ರದ ಮಟ್ಟ ವರ್ಷಕ್ಕೆ ಒಂದು ಮೀಟರಿಗಿಂತ ಹೆಚ್ಚು ಇಳಿಯುತ್ತಿದೆ. ಜೋರ್ಡಾನ್ ನದಿಯ ನೀರನ್ನು ಇಸ್ರೇಲ್, ಜೋರ್ಡಾನ್, ಸಿರಿಯಾ ದೇಶಗಳು ಕುಡಿಯಲು ಮತ್ತು ಬೇಸಾಯಕ್ಕೆ ಮೇಲೇ ತಿರುಗಿಸಿಕೊಂಡಿವೆ. ಜೊತೆಗೆ ಗೊಬ್ಬರಕ್ಕೆ ಬೇಕಾದ ಪೊಟ್ಯಾಷ್ ತೆಗೆಯಲು ಕಾರ್ಖಾನೆಗಳು ಸರೋವರದ ನೀರನ್ನೇ ಪಾತಿಗೆ ಹಾಕಿ ಒಣಗಿಸುತ್ತವೆ. ನೀರು ಹಿಂದೆ ಸರಿದ ಕಡೆ ನೆಲದೊಳಗಿನ ಉಪ್ಪಿನ ಪದರಕ್ಕೆ ಸಿಹಿ ಅಂತರ್ಜಲ ನುಗ್ಗಿ ಅದನ್ನು ಕರಗಿಸುತ್ತದೆ. ಮೇಲಿನ ನೆಲ ಒಮ್ಮೆಗೇ ಕುಸಿಯುತ್ತದೆ. ಇಂಥ ಸಾವಿರಾರು ಗುಂಡಿಗಳು ಬಿದ್ದಿವೆ. 2015ರಲ್ಲಿ ಜನ ಸ್ನಾನಕ್ಕೆ ಹೋಗುತ್ತಿದ್ದ ಒಂದು ದಡವನ್ನು ಇದೇ ಕಾರಣಕ್ಕೆ ಮುಚ್ಚಿಬಿಟ್ಟರು. ನಡೆಯುವ ನೆಲವನ್ನೂ ನಂಬುವ ಹಾಗಿಲ್ಲ.

ನಮ್ಮ ಕೆರೆಗೆ ಬರೋಣ

ನಾವ್ಯಾರೂ ನಾಳೆಯೇ ಮೃತ ಸಮುದ್ರಕ್ಕೆ ಹೋಗುವುದಿಲ್ಲ. ಆದರೆ ಬೇಸಿಗೆ ರಜೆ ಬಂದರೆ ಎಲ್ಲರೂ ಕೆರೆಗೆ ಹೋಗುತ್ತೇವೆ, ಬೇಡ ಅಂದರೂ ಹೋಗುತ್ತೇವೆ. ಅದಕ್ಕೆ ಮಾವ ಹೇಳಿಕೊಟ್ಟಿದ್ದನ್ನು ಇಲ್ಲಿ ಬರೆಯುತ್ತೇನೆ.

ಕ್ಯಾನನ್ನು ಸೊಂಟಕ್ಕೆ ಕಟ್ಟಬೇಡಿ. ಕಂಕುಳ ಕೆಳಗೆ ಹಗ್ಗ ಬಿಗಿದು ಬೆನ್ನಿನ ಮೇಲ್ಭಾಗಕ್ಕೆ ಬರುವಂತೆ ಕಟ್ಟಿ. ಜಾರದ ಹಾಗೆ ಹೆಗಲ ಮೇಲಿಂದಲೂ ಒಂದು ಸುತ್ತು ತನ್ನಿ. ಮುಚ್ಚಳ ಬಿಗಿಯಾಗಿದೆಯಾ ನೋಡಿ. ಚೆನ್ನಾಗಿ ಈಜು ಬರುವ ದೊಡ್ಡವರು ಒಬ್ಬರು ನೀರಿನಲ್ಲಿ ಪಕ್ಕದಲ್ಲೇ ಇಲ್ಲದಿದ್ದರೆ ಇಳಿಯಲೇಬೇಡಿ. ದಡದಲ್ಲಿ ನಿಂತವರು ಕ್ಯಾನು ನೋಡಬೇಡಿ, ಮೂಗು ನೋಡಿ.

ನಮ್ಮ ತಮ್ಮ ಈಗ ಮಾವನ ಹತ್ತಿರ ಈಜು ಕಲಿಯುತ್ತಿದ್ದಾನೆ. ನಾನು ಕಟ್ಟಿದ ಹಗ್ಗವನ್ನು ಅವನು ಇನ್ನೂ ಎರಡು ಸಲ ಎಳೆದು ನೋಡುತ್ತಾನೆ. ನನಗೆ ಬೇಜಾರಿಲ್ಲ. ಹಾಗೇ ನೋಡಬೇಕು.

ಪ್ರಶ್ನೆಗಳು (ಉತ್ತರ ಬರೆದು ಪತ್ರಿಕೆಯ ಪೆಟ್ಟಿಗೆಗೆ ಹಾಕಿ)

1. ನಿಮ್ಮ ತೂಕವನ್ನು 1.24ರಿಂದ ಭಾಗಿಸಿ. ಮೃತ ಸಮುದ್ರದಲ್ಲಿ ನಿಮ್ಮ ಮೈ ಎಷ್ಟು ಲೀಟರ್ ಮುಳುಗುತ್ತದೆ?
2. ಸೀಸ ಕಟ್ಟಿಕೊಂಡು ಉಪ್ಪುನೀರಿನಲ್ಲಿ ನಿಂತಿರುವ ಮುಳುಗುಗಾರ ಇದ್ದಕ್ಕಿದ್ದಂತೆ ಸಿಹಿನೀರಿಗೆ ಬಂದರೆ ಮೇಲೆ ಹೋಗುತ್ತಾನೋ, ಕೆಳಗೆ ಹೋಗುತ್ತಾನೋ? ಯಾಕೆ?
3. ಬಿತ್ತನೆ ಬತ್ತದ ಜೊಳ್ಳು ತೇಲುವುದಕ್ಕೂ ಮೊಟ್ಟೆ ತೇಲುವುದಕ್ಕೂ ಏನು ಸಂಬಂಧ? ಮನೆಯಲ್ಲಿ ತಾತನನ್ನು ಕೇಳಿ ಬರೆಯಿರಿ.

ಲೇಖನದಲ್ಲಿ ತಪ್ಪಿದ್ದರೆ ಗುರುಗಳು ಕೆಂಪು ಶಾಯಿಯಲ್ಲಿ ತಿದ್ದಬೇಕಾಗಿ ಕೇಳಿಕೊಳ್ಳುತ್ತೇನೆ.

ಇಂತಿ,
7ನೇ ತರಗತಿಯ ವಿದ್ಯಾರ್ಥಿ